ಶಹರ್ಬಾನು ಪರವಾಗಿ ಮಾತಾಡಿದವಳು

ಬೆಂಗಳೂರಿನ ಅಂಚಿನ ಸಿಂಗಾಪುರ ಎಂಬ ಹಳ್ಳಿಯ ಮುನಿವೆಂಕಟಮ್ಮ ಲಾಂಡ್ರಿ ಕೆಲಸಕ್ಕೆ ಸೇರಿದಾಗ ಅವಳಿಗೆ ನಲವತ್ತೆಂಟು ವರ್ಷ. ಅಲ್ಲಿಯವರೆಗೆ ಅವಳು ಯಾರ ಕೈಕೆಳಗೂ ದುಡಿದವಳಲ್ಲ. ಮನೆಯ ಹಿಂದಿನ ತೋಟದಲ್ಲಿ ದಂಟು, ಸಬ್ಬಸಿಗೆ, ಕೊತ್ತಂಬರಿ ಬೆಳೆದು, ಕಟ್ಟು ಕಟ್ಟಿ, ಬೆಳಗಿನ ಬಸ್ಸಿನಲ್ಲಿ ಯಶವಂತಪುರಕ್ಕೆ ಕೊಂಡೊಯ್ದು ಮಾರಿ ಬರುತ್ತಿದ್ದಳು. ಮೈದುನಂದಿರು ಪಾಲು ಕೇಳಿದರು. ತೋಟ ಸೈಟುಗಳಾಯಿತು, ಸೈಟುಗಳ ಮೇಲೆ ಮೂರು ಅಂತಸ್ತಿನ ಮನೆಗಳೆದ್ದವು. ಗಂಡ ಮುನಿಯಲ್ಲಪ್ಪನ ಪಾಲಿಗೆ ಬಂದದ್ದು ಮಗಳ ಮದುವೆಗೂ ತಲೆಯ ಮೇಲೊಂದು ಸೂರಿಗೂ ಸರಿಹೋಯಿತು. ಅವನು ವಿದ್ಯಾರಣ್ಯಪುರದ ಕಡೆ ನೀರಿನ ಟ್ಯಾಂಕರ್ ಓಡಿಸಲು ಹೋದ. ಇವಳು ಕೈ ಕಟ್ಟಿಕೊಂಡು ಕೂರಲಾರದೆ ಕೆಲಸ ಹುಡುಕಿದಳು.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿ ವರ್ಷವಾಗಿತ್ತು. ಹೆಬ್ಬಾಳದಿಂದಾಚೆ ರಸ್ತೆಯ ಎರಡೂ ಕಡೆ ಹೋಟೆಲುಗಳು ಏಳುತ್ತಿದ್ದವು. ಹೋಟೆಲಿನಲ್ಲಿ ಮಲಗಿದವರು ಎದ್ದು ಹೋದ ಮೇಲೆ ಅವರ ಹಾಸಿಗೆಯ ಬಟ್ಟೆಯನ್ನು ಯಾರಾದರೂ ಒಗೆಯಬೇಕಲ್ಲ, ಅದಕ್ಕಾಗಿ ಅಲ್ಲಾಳಸಂದ್ರದ ಆಚೆ ತಗಡಿನ ಮಾಡಿನ ಒಂದು ದೊಡ್ಡ ಶೆಡ್ಡು ತಲೆಯೆತ್ತಿತು. ಬೋರ್ಡಿನ ಮೇಲೆ 'ಶುಭ್ರ ಲಿನನ್ ಸರ್ವೀಸಸ್' ಎಂದಿತ್ತು. ಅಲ್ಲಿ ದುಡಿಯುವವರಿಗೆ ಮಾತ್ರ ಅದು ಬರೀ ಲಾಂಡ್ರಿ. ಒಳಗೆ ಕಾಲಿಟ್ಟರೆ ಹಬೆ, ಸೋಪಿನ ವಾಸನೆ, ಕಿವಿ ಗುಂಯ್‌ಗುಡುವ ಸದ್ದು.

ಮುನಿವೆಂಕಟಮ್ಮನನ್ನು ರೋಲರ್ ಯಂತ್ರಕ್ಕೆ ಹಾಕಿದರು. ಒಗೆದು ಹಿಂಡಿದ ಹಾಸುಬಟ್ಟೆಯನ್ನು ಇಬ್ಬರು ಎರಡು ಮೂಲೆ ಹಿಡಿದು, ಸುಕ್ಕಿಲ್ಲದಂತೆ ಎಳೆದು, ಕಾದು ಉರುಳುವ ದಪ್ಪ ರೋಲರಿನ ಬಾಯಿಗೆ ಕೊಡಬೇಕು. ಆ ಕಡೆಯಿಂದ ಅದು ಇಸ್ತ್ರಿಯಾಗಿ ಬರುತ್ತದೆ. ಇಬ್ಬರ ಕೈಯೂ ಒಂದೇ ವೇಗದಲ್ಲಿ ಹೋಗದಿದ್ದರೆ ಬಟ್ಟೆ ಓರೆಯಾಗುತ್ತದೆ. ಅವಳಿಗೆ ಜೊತೆಯಾದವಳು ಶಹರ್ಬಾನು.

ಶಹರ್ಬಾನು ಆರ್.ಟಿ. ನಗರದ ಪಕ್ಕದ ಕಾವಲ್‌ಬೈರಸಂದ್ರದವಳು. ವಯಸ್ಸಿನಲ್ಲಿ ಹನ್ನೆರಡು ವರ್ಷ ಚಿಕ್ಕವಳು. ಗಂಡ ಬಿಟ್ಟು ಹೋಗಿದ್ದ. ನಜ್ಮುನ್ನೀಸಾ ಎಂಬ ಶಾಲೆಗೆ ಹೋಗುವ ಮಗಳಿದ್ದಳು. ಮೆಹಂದಿ ಹಾಕುವುದರಲ್ಲಿ ಶಹರ್ಬಾನುವಿನದು ಎತ್ತಿದ ಕೈ. ಭಾನುವಾರ ಬಂತೆಂದರೆ ಮದುವೆ ಮನೆಯವರು ಆಟೋ ಕಳಿಸಿ ಕರೆಸಿಕೊಳ್ಳುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಊಟದ ಹೊತ್ತಿನಲ್ಲಿ ಲಾಂಡ್ರಿಯ ಹೆಂಗಸರೆಲ್ಲ ಅವಳ ಮುಂದೆ ಅಂಗೈ ಚಾಚಿ ಕೂರುತ್ತಿದ್ದರು. ಮುನಿವೆಂಕಟಮ್ಮ ಮಾತ್ರ, "ನಂಗ್ಯಾಕವ್ವ ಈ ವಯಸ್ನಾಗೆ" ಎಂದು ಕೈ ಹಿಂದಕ್ಕೆಳೆದುಕೊಳ್ಳುವಳು.

"ಸುಮ್ನೆ ಕೊಡಿ ಅಕ್ಕಾ. ನಿಮ್ ಯಜಮಾನ್ರು ನೋಡಿ ಟ್ಯಾಂಕರ್ ಎಲ್ಲಾದ್ರೂ ಗುದ್ದಿಸ್ಬೇಕು," ಎಂದು ಶಹರ್ಬಾನು ಬಲವಂತವಾಗಿ ಹಿಡಿದು ಒಂದು ಬಳ್ಳಿಯನ್ನಾದರೂ ಬರೆಯದೆ ಬಿಡುತ್ತಿರಲಿಲ್ಲ.

ದಿನವಿಡೀ ಒಂದೇ ಬಟ್ಟೆಯ ಎರಡು ಮೂಲೆ ಹಿಡಿದು ನಿಂತವರ ನಡುವೆ ಮುಚ್ಚಿಡುವ ಮಾತು ಹೆಚ್ಚು ದಿನ ಉಳಿಯುವುದಿಲ್ಲ. ಮಗಳ ಬಾಣಂತನ, ಮುನಿಯಲ್ಲಪ್ಪನ ಕುಡಿತ, ಶಹರ್ಬಾನುವಿನ ಗಂಡನ ಇನ್ನೊಂದು ಸಂಸಾರ, ಎಲ್ಲವೂ ಆ ರೋಲರಿನ ಮುಂದೆಯೇ ಬಿಚ್ಚಿಕೊಂಡವು. ತಂಗಿಯಿಲ್ಲದ ಮುನಿವೆಂಕಟಮ್ಮನಿಗೆ ಅವಳು ತಂಗಿಯಂತೆಯೇ ಆದಳು.

ಲಾಂಡ್ರಿಯಲ್ಲಿ ಒಂದು ಸಂಘವೂ ಇತ್ತು. ಅದರ ಅಧ್ಯಕ್ಷ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಫೋರ್‌ಮನ್ ಚಿಕ್ಕಮುನಿಯಪ್ಪ. ಅವನನ್ನು ಯಾರೂ ಆರಿಸಿರಲಿಲ್ಲ. ಶೆಡ್ಡು ಶುರುವಾದ ವರ್ಷ ಮಾಲೀಕರೇ ಕರೆದು ಹೂವಿನ ಹಾರ ಹಾಕಿದ್ದರಂತೆ. ಆಯುಧಪೂಜೆಗೆ ಸಿಹಿ ಹಂಚುವುದು, ಯಾರಾದರೂ ಸತ್ತರೆ ಹಾರ ತರುವುದು, ಮಾಲೀಕರು ಹೇಳಿದ ಕಡೆ ಎಲ್ಲರ ಪರವಾಗಿ ರುಜು ಹಾಕುವುದು, ಇವಿಷ್ಟು ಸಂಘದ ಕೆಲಸ. ಹಾಗಂತ ಚಿಕ್ಕಮುನಿಯಪ್ಪ ಕೆಟ್ಟವನೇನಲ್ಲ. ಮುನಿವೆಂಕಟಮ್ಮನ ತವರಿನ ಕಡೆಯಿಂದ ದೂರದ ನೆಂಟ. ಮಳೆ ಬಂದ ಸಂಜೆ ಹೆಂಗಸರನ್ನು ತನ್ನ ಓಮ್ನಿ ವ್ಯಾನಿನಲ್ಲಿ ಕೂರಿಸಿಕೊಂಡು ಯಲಹಂಕದ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತಿದ್ದ.

ರೋಲರಿನ ಬಾಯಿಯ ಮುಂದೆ ಕಬ್ಬಿಣದ ಒಂದು ಅಡ್ಡಪಟ್ಟಿ ಇರಬೇಕು. ಕೈ ತೀರಾ ಹತ್ತಿರ ಹೋಗಿ ಪಟ್ಟಿಗೆ ತಗುಲಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ದಪ್ಪನೆಯ ಬಟ್ಟೆ ಬಂದಾಗಲೂ ಅದು ತಗುಲಿ ಯಂತ್ರ ಪದೇ ಪದೇ ನಿಲ್ಲುತ್ತಿತ್ತು. ೨೦೧೨ರ ಮದುವೆಯ ಕಾಲದಲ್ಲಿ ಹೋಟೆಲುಗಳು ತುಂಬಿ ಬಟ್ಟೆ ಗುಡ್ಡೆಯಾಗಿ ಬಿದ್ದಾಗ ಮ್ಯಾನೇಜರ್ ಬಂದು ಏನೋ ಕೂಗಾಡಿದ. ಮರುದಿನ ಚಿಕ್ಕಮುನಿಯಪ್ಪನ ಕಡೆಯವರು ಪಟ್ಟಿಯನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟರು. ವಾರಗಟ್ಟಲೆ ಅದು ಅಲ್ಲೇ ಇತ್ತು. ಹೆಂಗಸರು ಅದರ ಮೇಲೆ ಒದ್ದೆ ಏಪ್ರನ್ ಒಣಗಹಾಕುತ್ತಿದ್ದರು.

ಒಂದು ಸೋಮವಾರ ಮಧ್ಯಾಹ್ನ ಹಾಸುಬಟ್ಟೆಯ ಒದ್ದೆ ಅಂಚು ಶಹರ್ಬಾನುವಿನ ಬಲಗೈ ಬೆರಳುಗಳಿಗೆ ಸುತ್ತಿಕೊಂಡಿತು. ಅವಳು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಬಟ್ಟೆಯ ಜೊತೆ ಕೈಯೂ ಹೋಯಿತು. ಪಕ್ಕದಲ್ಲೇ ಇದ್ದ ಮುನಿವೆಂಕಟಮ್ಮ ತನ್ನ ಮೂಲೆಯನ್ನು ಬಿಟ್ಟು ಆ ತುದಿಯ ಸ್ವಿಚ್ಚಿಗೆ ಓಡಿದಳು. ಯಂತ್ರ ನಿಂತ ಮೇಲೂ ರೋಲರ್ ಕಾದೇ ಇತ್ತು. ಅದನ್ನು ಎತ್ತಿ ಬಿಡಿಸುವವರೆಗೆ ಶಹರ್ಬಾನು, ಓಡಿ ವಾಪಸು ಬಂದ ಮುನಿವೆಂಕಟಮ್ಮನ ಹೆಗಲನ್ನು ಕಚ್ಚಿ ಹಿಡಿದಿದ್ದಳು. ಹೆಬ್ಬಾಳದ ಆಸ್ಪತ್ರೆಯಲ್ಲಿ ಕೈಯನ್ನು ಮಣಿಕಟ್ಟಿನ ಮೇಲಿನವರೆಗೆ ತೆಗೆಯಬೇಕಾಯಿತು.

ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಲಾಂಡ್ರಿಯವರು ಹಣ್ಣಿನ ಬುಟ್ಟಿ ಕಳಿಸಿದರು. ಅದರ ಹಿಂದೆಯೇ ಒಂದು ನೋಟೀಸೂ ಬಂತು. ಬೇಗ ಕೆಲಸ ಮುಗಿಸುವ ಆಸೆಗೆ ಶಹರ್ಬಾನುವೇ ಅಡ್ಡಪಟ್ಟಿಯನ್ನು ಬಿಚ್ಚಿದ್ದಾಳೆ, ಯಂತ್ರಕ್ಕೂ ಹಾನಿ ಮಾಡಿದ್ದಾಳೆ, ಕಂಪನಿಯೊಳಗೇ ವಿಚಾರಣೆ ನಡೆಯುತ್ತದೆ ಎಂದು. ವಿಚಾರಣೆಯಲ್ಲಿ ಅವಳ ಪರವಾಗಿ ಮಾತಾಡಲು ಸಂಘದ ಪ್ರತಿನಿಧಿ ಇರುತ್ತಾರೆ ಎಂದೂ ಅದರಲ್ಲಿತ್ತು. ಶಹರ್ಬಾನು ಆ ಸಾಲನ್ನು ಮಗಳಿಂದ ಎರಡೆರಡು ಸಲ ಓದಿಸಿ ಸಮಾಧಾನ ಪಟ್ಟುಕೊಂಡಳು.

ವಿಚಾರಣೆಯ ದಿನ ಮುನಿವೆಂಕಟಮ್ಮ ಯಾರೂ ಕರೆಯದಿದ್ದರೂ ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಹೊರಗಿನಿಂದ ಬಂದ ಒಬ್ಬ ವಕೀಲ, ಮ್ಯಾನೇಜರ್, ತೋಳಿಗೆ ಬ್ಯಾಂಡೇಜ್ ಕಟ್ಟಿಕೊಂಡ ಶಹರ್ಬಾನು, ಅವಳ ಪಕ್ಕದಲ್ಲಿ ಚಿಕ್ಕಮುನಿಯಪ್ಪ. ವಕೀಲ ನೋಟೀಸನ್ನು ಓದಿ, "ನಿಮ್ಮ ಪ್ರತಿನಿಧಿಯವರು ಏನಾದರೂ ಕೇಳೋದಿದೆಯಾ?" ಎಂದ.

ಚಿಕ್ಕಮುನಿಯಪ್ಪ ನೆಲ ನೋಡಿಕೊಂಡು, "ಏನೂ ಇಲ್ಲ ಸಾರ್," ಎಂದ.

ಶಹರ್ಬಾನು ಅವನ ಕಡೆ ತಿರುಗಿ ನೋಡಿದಳು. ಅವನು ಏನೋ ಮರೆತಿದ್ದಾನೆ, ಈಗ ನೆನಪಾಗಿ ಹೇಳುತ್ತಾನೆ ಎನ್ನುವಂತೆ ನೋಡುತ್ತಲೇ ಇದ್ದಳು. ಮುನಿವೆಂಕಟಮ್ಮ ತಡೆಯಲಾರದೆ ಒಳಗೆ ಕಾಲಿಟ್ಟಳು.

"ಸಾರ್, ಪಟ್ಟಿ ಬಿಚ್ಚಿದ್ದು ಅವಳಲ್ಲ. ಆ ಪಟ್ಟಿ ಅವತ್ತಿಗೆ ಎಷ್ಟೋ ದಿನದಿಂದ ಗೋಡೆತಾವ್ಲೇ ಇತ್ತು. ಬಿಚ್ಚಿಸ್ದೋರು ಇಲ್ಲೇ ಕುಂತವ್ರೆ, ಕೇಳಿ."

"ನಿಮ್ಮನ್ನ ಯಾರು ಕರೆದ್ರು? ನೀವು ಸಾಕ್ಷಿ ಅಲ್ಲ, ಪ್ರತಿನಿಧಿನೂ ಅಲ್ಲ. ಹೊರಗೆ ಹೋಗಿ," ಎಂದ ಮ್ಯಾನೇಜರ್.

ಶಹರ್ಬಾನುವನ್ನು ಕೆಲಸದಿಂದ ತೆಗೆದುಹಾಕಿದರು. ಆ ಸಂಜೆ ಮುನಿವೆಂಕಟಮ್ಮ ಬಾಯ್ಲರಿನ ಹತ್ತಿರ ಚಿಕ್ಕಮುನಿಯಪ್ಪನನ್ನು ಅಡ್ಡಹಾಕಿದಳು.

"ಯಾಕಣ್ಣ ಬಾಯ್ ಬಿಡ್ನಿಲ್ಲ ನೀನು? ಅವಳ ಪರವಾಗ್ ಮಾತಾಡಕ್ಕೆ ತಾನೆ ನಿನ್ನ ಕೂರ್ಸಿದ್ದು?"

ಅವನು ಬೀಡಿ ಎಸೆದು ಕಾಲಿನಿಂದ ಹೊಸಕಿದ. ದನಿ ಎತ್ತಲಿಲ್ಲ. "ಅವಳ ಕೈ ಓಗೇಬುಡ್ತು, ನಾನ್ ಮಾತಾಡಿದ್ರೆ ಬತ್ತದಾ? ಪಟ್ಟಿ ಇರ್ನಿಲ್ಲ ಅಂದ್ರೆ ಸರ್ಕಾರದೋರು ಬಂದು ಬೀಗ ಜಡೀತಾರೆ. ಇಲ್ಲಿರೋ ಎಲ್ರೂ ಮನೇಗ್ ಓಯ್ತೀರಿ. ನಾನು ಎಲ್ರನ್ನೂ ನೋಡ್ಬೇಕು ವೆಂಕಟಮ್ಮ. ಒಬ್ಬಳನ್ನ ನೋಡ್ಕಂಡು ಕೂರಕ್ಕಾಗಾಕಿಲ್ಲ."

ಅವಳು ಅವತ್ತು ಅವನ ಮುಖಕ್ಕೆ ಉಗಿಯುವಷ್ಟು ಸಿಟ್ಟಾದಳು. ಉಗಿಯಲಿಲ್ಲ. ಆದರೆ ಆಮೇಲೆ ಅವನ ಓಮ್ನಿ ಹತ್ತಲಿಲ್ಲ.

ಯಶವಂತಪುರ ರೈಲ್ವೆ ಸ್ಟೇಷನ್ನಿನ ಹತ್ತಿರ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಾರ್ಮಿಕ ಸಂಘಟನೆಯೊಂದರ ಕಚೇರಿಯಿತ್ತು. ಸೊಪ್ಪು ಮಾರಲು ಹೋಗುತ್ತಿದ್ದ ಕಾಲದಿಂದ ಅದರ ಕೆಂಪು ಬೋರ್ಡನ್ನು ಅವಳು ನೋಡಿದ್ದಳು. ಮುಂದಿನ ಭಾನುವಾರ ಮೆಟ್ಟಿಲು ಹತ್ತಿದಳು. ಅಲ್ಲಿದ್ದವನು ಬಾಲರಾಜ್. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ದುಡಿದು, ಈಗ ಸಂಘಟನೆಯ ಕೆಲಸವನ್ನೇ ಬದುಕಾಗಿಸಿಕೊಂಡಿದ್ದ ಸಣಕಲು ಮನುಷ್ಯ. ಅವಳ ಮಾತನ್ನೆಲ್ಲ ಕೇಳಿ ಅವನೆಂದ: "ನಿಮ್ಮ ಸಂಘ ಮಾಲೀಕರದು ಕಣಮ್ಮ. ನಿಮ್ಮದೇ ಒಂದು ಕಟ್ಟಿಕೊಳ್ಳಿ. ಯಾರು ನಮ್ಮ ಪರ ಮಾತಾಡಬೇಕು ಅಂತ ನಾವೇ ಆರಿಸಬೇಕು, ಮಾಲೀಕರಲ್ಲ. ಕಷ್ಟ ಇದೆ. ಕೆಲಸ ಹೋದ್ರೂ ಹೋಗಬಹುದು."

"ನಮ್ ಶಹರ್ಬಾನು ವಾಪಸ್ ಬತ್ತಾಳಾ?"

"ಸಂಘ ಗಟ್ಟಿಯಾಗಿದ್ರೆ ಕೇಳಬಹುದು. ಕೇಳೋರೇ ಇಲ್ದಿದ್ರೆ ಹೇಗೆ ಬರ್ತಾಳೆ?"

ಅದೊಂದು ಮಾತನ್ನು ಹಿಡಿದುಕೊಂಡು ಮುನಿವೆಂಕಟಮ್ಮ ಎರಡು ವರ್ಷ ಓಡಾಡಿದಳು. ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ಭಾನುವಾರಗಳಲ್ಲಿ ಹೆಂಗಸರನ್ನು ಸೇರಿಸಿದಳು. ಮೊದಲು ಮೂವರು ಬಂದರು. ಅದರಲ್ಲಿ ಕಲಾವತಿ ಒಬ್ಬಳು. ಬಟ್ಟೆ ಮಡಿಚುವ ಟೇಬಲ್ಲಿನ ಇಪ್ಪತ್ತಾರರ ಹುಡುಗಿ, ಚುರುಕು ಮಾತು, ಚುರುಕು ಕಾಲು. ಸೋಲದೇವನಹಳ್ಳಿಯಿಂದ ಸೀಳುತುಟಿಯ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಬರುತ್ತಿದ್ದಳು. ಅವಳು ಇದ್ದದ್ದು ಕಾಂಟ್ರ್ಯಾಕ್ಟಿನ ಮೇಲೆ. ತಿಂಗಳು ತಿಂಗಳೂ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ ಅವಳಿಗೆ ಎಲ್ಲರಿಗಿಂತ ಹೆಚ್ಚು. ಆದರೂ ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದವಳು ಅವಳೇ.

ಪ್ರತಿ ಮನೆಯಲ್ಲೂ ಮುನಿವೆಂಕಟಮ್ಮ ಹೇಳಿದ್ದು ಒಂದೇ ಮಾತು. "ಇವತ್ತು ಶಹರ್ಬಾನುಗೆ ಆಯ್ತು. ನಾಳೆ ನಿಂಗೆ ಆದ್ರೆ ನಿನ್ ಪಕ್ಕ ಯಾರವ್ವ ಕೂತ್ಕಬೇಕು?" ಆ ಮಾತಿಗೆ ಹೆಂಗಸರು ಮೆಲ್ಲಗೆ ಒಬ್ಬೊಬ್ಬರಾಗಿ ಬರುತ್ತಿದ್ದರು. ಕೆಲವು ಭಾನುವಾರ ಶಹರ್ಬಾನುವೇ ಬಂದು ಏರಿಯ ಮೇಲೆ ಕೂರುವಳು. ಸೆರಗಿನೊಳಗೆ ಮುಚ್ಚಿಟ್ಟ ತೋಳನ್ನು ಅವಳು ತೋರಿಸುತ್ತಿರಲಿಲ್ಲ. ತೋರಿಸು ಎಂದು ಯಾರೂ ಕೇಳುತ್ತಿರಲಿಲ್ಲ.

ಮುನಿಯಲ್ಲಪ್ಪನಿಗೆ ಇದೆಲ್ಲ ಹಿಡಿಸಲಿಲ್ಲ. "ಅಷ್ಟ್ ವರ್ಷ ಸೊಪ್ ಮಾರ್ದೋಳು, ಈಗ ಲೀಡರ್ ಆಗಕ್ಕೆ ಒಂಟವ್ಳೆ," ಎಂದು ಕುಡಿದಾಗ ಹಂಗಿಸುವನು. ಬೆಳಿಗ್ಗೆ ಎದ್ದು, "ಉಷಾರು ಕಣೆ," ಎಂದು ತಾನೇ ಬಸ್ ಸ್ಟಾಪಿನವರೆಗೆ ಬರುವನು.

೨೦೧೪ರಲ್ಲಿ ಕಲಾವತಿ ಹೊಸ ಸಂಘದ ಸದಸ್ಯತ್ವದ ಚೀಟಿ ಹಂಚುತ್ತಿದ್ದಾಳೆಂದು ಅವಳನ್ನು ಗೇಟಿನಲ್ಲೇ ತಡೆದರು. ಒಳಗೆ ಸುದ್ದಿ ಮುಟ್ಟಿತು. ಮುನಿವೆಂಕಟಮ್ಮ ಕೈಯಲ್ಲಿದ್ದ ಹಾಸುಬಟ್ಟೆಯ ಮೂಲೆಯನ್ನು ಕೆಳಗಿಟ್ಟಳು. ಪಕ್ಕದ ರೋಲರಿನವರು ನೋಡಿದರು, ಅವರೂ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಶೆಡ್ಡಿನಲ್ಲಿ ಬಾಯ್ಲರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒದ್ದೆ ಬಟ್ಟೆ ಡ್ರಮ್ಮುಗಳಲ್ಲೇ ಮುದುಡಿ ಕೂತಿತು. ಮಧ್ಯಾಹ್ನದ ಹೊತ್ತಿಗೆ ಹೋಟೆಲುಗಳಿಂದ ಫೋನಿನ ಮೇಲೆ ಫೋನು. ಸಂಜೆಗೆ ಹಾಸಿಗೆಗೆ ಬಟ್ಟೆಯಿಲ್ಲ, ಬಂದವರನ್ನು ಎಲ್ಲಿ ಮಲಗಿಸಲಿ ಎಂದು ಅವರ ಗೋಳು. ಮ್ಯಾನೇಜರ್ ಮೊದಲು ಬೈದ, ಆಮೇಲೆ ಬೇಡಿದ, ಕೊನೆಗೆ ಕಲಾವತಿಯನ್ನು ಒಳಗೆ ಬಿಟ್ಟ. ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ಕೂತು ಮಾತಾಡಿಸಿದ ಮೇಲೆ, ಯಾವ ಸಂಘಕ್ಕೆ ಕಾರ್ಮಿಕರ ಬೆಂಬಲವಿದೆ ಎಂದು ಗುಟ್ಟಿನ ಮತ ಹಾಕಿಸಿ ನೋಡಲು ಎರಡೂ ಕಡೆಯವರು ಒಪ್ಪಿದರು.

ಹಳೆಯ ಸಂಘದ ಗುರುತು ಛತ್ರಿ. ಇವರದು ಗಡಿಯಾರ. ಊಟದ ಕೋಣೆಯಲ್ಲಿ ಹಳೆಯ ಪರದೆಯೊಂದನ್ನು ಕಟ್ಟಿ ಮರೆ ಮಾಡಿದ್ದರು. ಹೆಂಗಸರು ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಎಣಿಕೆ ಮುಗಿದಾಗ ಛತ್ರಿಗೆ ಬಿದ್ದದ್ದು ಬೆರಳೆಣಿಕೆಯಷ್ಟು. ಚಿಕ್ಕಮುನಿಯಪ್ಪ ಎದ್ದು ಬಂದು ಮುನಿವೆಂಕಟಮ್ಮನಿಗೆ ಕೈಮುಗಿದ. "ಇನ್ಮೇಲೆ ನೀನೇ ನೋಡ್ಕಳವ್ವ," ಎಂದ. ಅವನ ಮಾತಿನಲ್ಲಿ ಕೊಂಕಿತ್ತೋ, ಹೊರೆ ಇಳಿದ ಸಮಾಧಾನವಿತ್ತೋ ಅವಳಿಗೆ ತಿಳಿಯಲಿಲ್ಲ.

ಅವತ್ತು ಗೇಟಿನ ಹೊರಗೆ ಶಹರ್ಬಾನು ಕಾದಿದ್ದಳು. ಹೆಂಗಸರು ಹೋ ಎಂದು ಓಡಿಬಂದು ಅವಳನ್ನು ಮುತ್ತಿಕೊಂಡರು. ಯಾರೋ ಅವಳ ಬಾಯಿಗೆ ಮೈಸೂರುಪಾಕು ತುರುಕಿದರು. ಕಲಾವತಿ ಅವಳನ್ನು ಸೊಂಟ ಹಿಡಿದು ಎತ್ತಿಯೇಬಿಟ್ಟಳು. ಕೈ ಹೋದ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ಮುನಿವೆಂಕಟಮ್ಮ ನೋಡಿದ್ದು ಅವತ್ತೇ ಮೊದಲು.

"ಒಳಗಡೆ ಬಟ್ಟೆ ಎಣಿಸೋ ಕೆಲಸ ಕೊಟ್ರೂ ಸಾಕು ಅಕ್ಕಾ. ಎಡಗೈಲಿ ಬರಿಯೋದು ಕಲೀತಿದೀನಿ," ಎಂದಳು ಶಹರ್ಬಾನು.

"ಬೇಡಿಕೆ ಪತ್ರದಾಗೆ ಬರೆಸ್ತೀನಿ ಕಣೆ. ಮೊದಲ್ನೇ ಬೇಡಿಕೆನೇ ನಿಂದು," ಎಂದಳು ಮುನಿವೆಂಕಟಮ್ಮ.

ಹಾಗೆಯೇ ಬರೆಸಿದಳು. ಬೇಡಿಕೆಗಳಲ್ಲಿ ಮೊದಲನೆಯದು ಶಹರ್ಬಾನುವನ್ನು ಮತ್ತೆ ತೆಗೆದುಕೊಳ್ಳಬೇಕು, ವಿಚಾರಣೆ ಸುಳ್ಳೆಂದು ಒಪ್ಪಬೇಕು ಎಂಬುದು. ಅದರ ಕೆಳಗೆ ಕಾಂಟ್ರ್ಯಾಕ್ಟಿನವರನ್ನು ಕಾಯಂ ಮಾಡುವುದು, ಸಂಬಳ, ಹೆರಿಗೆ ರಜೆ, ಯಂತ್ರಗಳಿಗೆ ಅಡ್ಡಪಟ್ಟಿ. ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ೨೦೧೫ರ ಬೇಸಿಗೆಯಲ್ಲಿ ಮಾಲೀಕರೇ ಬಂದು ಕೂತರು. ಎಲ್ಲವನ್ನೂ ಕೊಡುತ್ತೇವೆ ಎಂದರು. ಎಲ್ಲರೂ ಕಾಯಂ, ಸಂಬಳ ಏರಿಕೆ, ಪ್ರತಿ ರೋಲರಿಗೂ ಹೊಸ ಪಟ್ಟಿ. ಒಂದನ್ನು ಮಾತ್ರ ಬಿಡಿ. ಶಹರ್ಬಾನುವಿನ ವಿಚಾರಣೆ ಸುಳ್ಳೆಂದು ನಾವೇ ಒಪ್ಪಿದರೆ ನಮ್ಮ ಮೇಲೆ ಕೇಸಾಗುತ್ತದೆ, ಹೋಟೆಲಿನವರು ಕೆಲಸ ಕೊಡುವುದಿಲ್ಲ. ಆ ಬೇಡಿಕೆಯನ್ನು ಸಂಘ ಕೈಬಿಟ್ಟರೆ ನಾಳೆಯೇ ಸಹಿ.

ಸದಸ್ಯರ ಸಭೆ ಯಲಹಂಕದ ಒಂದು ಸಮುದಾಯ ಭವನದಲ್ಲಿ ನಡೆಯಿತು. ಮುನಿವೆಂಕಟಮ್ಮ ಮಾಲೀಕರು ಹೇಳಿದ್ದನ್ನು ಒಂದನ್ನೂ ಬಿಡದೆ ಹೇಳಿ, "ಇದನ್ನ ಒಪ್ಪಬಾರ್ದು," ಎಂದಳು. ತನ್ನ ಮಾತಿಗೆ ಎಂದಿನಂತೆ ಗುಜುಗುಜು ಏಳುತ್ತದೆ ಎಂದುಕೊಂಡಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಕಲಾವತಿ ಎದ್ದಳು.

"ಆಂಟಿ, ನಾನ್ ಹೇಳ್ತೀನಿ, ಬೈಕೋಬೇಡಿ," ಎಂದಳು. "ನನ್ ಮಗುಗೆ ತುಟಿ ಆಪರೇಷನ್ ಆಗ್ಬೇಕು. ಕಾಯಂ ಆದ್ರೆ ಇಎಸ್‌ಐ ಆಸ್ಪತ್ರೇಲಿ ದುಡ್ಡಿಲ್ದೆ ಆಗುತ್ತೆ. ಇಲ್ಲಿ ನನ್ನಂಥೋರು ಅರ್ಧಕ್ಕರ್ಧ ಇದೀವಿ. ಶಹರ್ಬಾನು ಆಂಟಿಗೋಸ್ಕರ ಅವತ್ತು ಗೇಟಲ್ಲಿ ನಿಂತೋಳು ನಾನು. ಆದ್ರೆ ಈಗ ಎಲ್ರನ್ನೂ ಕೈಬಿಟ್ಟು ಅವ್ರೊಬ್ರನ್ನ ಹಿಡ್ಕೊಂಡ್ರೆ, ಅವ್ರಿಗೂ ಸಿಗಲ್ಲ, ನಮಗೂ ಸಿಗಲ್ಲ. ಎಲ್ರನ್ನೂ ನೋಡ್ಬೇಕಲ್ವಾ ಆಂಟಿ?"

ಮುನಿವೆಂಕಟಮ್ಮನಿಗೆ ಬಾಯ್ಲರಿನ ಹತ್ತಿರ ಬೀಡಿ ಹೊಸಕಿದ ಚಿಕ್ಕಮುನಿಯಪ್ಪ ಕಣ್ಣಿಗೆ ಕಟ್ಟಿದ. ಅವನ ಮಾತೇ ಈಗ ಈ ಹುಡುಗಿಯ ಬಾಯಲ್ಲಿ ಬಂದಿತ್ತು. ಆದರೆ ಕಲಾವತಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಂದ ಆಗಲಿಲ್ಲ. ಆ ಮಗು ಹಾಲು ಕುಡಿಯುವಾಗ ಮೂಗಿನಿಂದ ಸುರಿಯುವುದನ್ನು ಅವಳೇ ಎಷ್ಟೋ ಸಲ ಒರೆಸಿದ್ದಳು.

"ನಾವ್ ಎಲ್ರೂ ಸೇರಿದ್ದೇ ಅವಳ ಎಸ್ರು ಏಳ್ಕಂಡು ಕಣ್ರವ್ವ," ಎಂದಳು. "ನಿಂಗಾದ್ರೆ ಯಾರು ಅಂತ ನಿಮ್ ಮನೆ ಬಾಗಿಲಿಗ್ ಬಂದು ಕೇಳ್ದೋಳು ನಾನು. ಈಗ ಎಂಗೆ ಅವಳ ಮಕ ನೋಡ್ಲಿ?"

ಹಿಂದಿನ ಸಾಲಿನಲ್ಲಿ ಯಾರೋ ಅಳತೊಡಗಿದರು. ಬಾಲರಾಜ್ ಎದ್ದು ನಿಂತು, ಸಂಘದಲ್ಲಿ ಬಹುಮತವೇ ಕೊನೆಯ ಮಾತು, ಶಹರ್ಬಾನುವಿನ ಕೇಸನ್ನು ಬೇರೆಯಾಗಿ ಕೋರ್ಟಿನಲ್ಲಿ ನಡೆಸಲು ತಾನು ವಕೀಲರನ್ನು ಕೊಡಿಸುತ್ತೇನೆ ಎಂದ. ಕೈ ಎತ್ತಿಸಿದರು. ಒಪ್ಪಂದ ಬೇಡವೆಂದು ಎತ್ತಿದ ಕೈಗಳು ಮುನಿವೆಂಕಟಮ್ಮನದೂ ಸೇರಿ ನಾಲ್ಕೋ ಐದೋ. ಬೇಕೆಂದು ಕೈ ಎತ್ತಿದವರಲ್ಲಿ ಎಷ್ಟೋ ಜನ ತಲೆ ತಗ್ಗಿಸಿಕೊಂಡಿದ್ದರು.

ಹೊಸ ಸಂಘ ಅವಳನ್ನೇ ಅಧ್ಯಕ್ಷೆಯಾಗಿ ಆರಿಸಿತ್ತು, ಒಪ್ಪಂದಕ್ಕೆ ಅವಳೇ ಸಹಿ ಹಾಕಬೇಕಿತ್ತು. ಅವಳು ಹಾಕಲಿಲ್ಲ. "ನೀವ್ ಮಾಡ್ಕಳ್ಳಿ, ನಾನ್ ಅಡ್ಡ ಬರಾಕಿಲ್ಲ. ನನ್ ಕೈಲಿ ಆಗಾಕಿಲ್ಲ," ಎಂದು ಅಧ್ಯಕ್ಷಗಿರಿ ಬಿಟ್ಟಳು. ಕಲಾವತಿಯನ್ನು ಆರಿಸಿದರು. ಅವಳು ಸಹಿ ಹಾಕಿದಳು.

ಈ ಸುದ್ದಿ ಬೇರೆಯವರ ಬಾಯಿಂದ ಹೋಗಬಾರದೆಂದು ಮುನಿವೆಂಕಟಮ್ಮ ಅವತ್ತೇ ಕಾವಲ್‌ಬೈರಸಂದ್ರಕ್ಕೆ ಹೋದಳು. ಶಹರ್ಬಾನು ನೆಲದ ಮೇಲೆ ಕೂತು ಕಾಲಿನಿಂದ ಮಣೆ ಒತ್ತಿ ಹಿಡಿದು ಎಡಗೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಈರುಳ್ಳಿ ಹೆಚ್ಚಿ ಮುಗಿಸಿದಳು.

"ನೀವು ಸೈನ್ ಹಾಕಿಲ್ಲ ಅಲ್ವಾ?"

"ಇಲ್ಲ ಕಣೆ."

"ಹಾಕಿದ್ರೂ ಅದೇ, ಹಾಕ್ದಿದ್ರೂ ಅದೇ," ಎಂದಳು ಶಹರ್ಬಾನು. ಹೆಚ್ಚಿದ ಈರುಳ್ಳಿಯನ್ನು ತಟ್ಟೆಗೆ ಸರಿಸುತ್ತ, "ಅವ್ರ ಜಾಗದಲ್ಲಿ ನಾನಿದ್ರೆ ನಾನೂ ಕೈ ಎತ್ತಿರ್ತಿದ್ದೆ ಅನ್ಸುತ್ತೆ ಅಕ್ಕಾ. ಹಂಗಾಗಿ ಯಾರನ್ನೂ ಬೈಯಕ್ಕೂ ಆಗ್ತಿಲ್ಲ ನಂಗೆ. ಬೈಯಕ್ಕಾದ್ರೂ ಆಗಿದ್ರೆ ಚೆನ್ನಾಗಿರ್ತಿತ್ತು," ಎಂದಳು. ಆಮೇಲೆ ಎದ್ದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮುನಿವೆಂಕಟಮ್ಮ ಕೂತು ಕೂತು ಎದ್ದು ಬಂದಳು.

ಲಾಂಡ್ರಿ ಬದಲಾಯಿತು. ರೋಲರುಗಳಿಗೆ ಹಳದಿ ಬಣ್ಣದ ಹೊಸ ಪಟ್ಟಿ ಬಂತು. ಕಲಾವತಿಯ ಮಗುವಿಗೆ ಆಪರೇಷನ್ ಆಯಿತು. ತುಟಿಯ ಮೇಲೆ ಒಂದು ಗೆರೆ ಮಾತ್ರ ಉಳಿದು ಮಗು ಮಾತು ಕಲಿಯಿತು. ಕಲಾವತಿ ಒಳ್ಳೆಯ ಅಧ್ಯಕ್ಷೆಯಾದಳು. ಯಾರನ್ನು ಬೈದರೂ, ಯಾರ ರಜೆ ಕಡಿದರೂ ಮ್ಯಾನೇಜರ್ ಕೋಣೆಗೆ ನುಗ್ಗುವಳು. ಅವಳ ಮೇಲೆ ಹೇಳಲು ಮುನಿವೆಂಕಟಮ್ಮನ ಬಳಿ ಒಂದು ದೂರೂ ಇರಲಿಲ್ಲ. ತಾನು ಸಹಿ ಹಾಕದ ಒಪ್ಪಂದದಿಂದ ಏರಿದ ಸಂಬಳ ಅವಳ ಕೈಗೂ ಬಂತು. ಮೊದಲ ತಿಂಗಳು ಅದನ್ನು ಎಣಿಸದೆ ಗಂಡನ ಕೈಗೆ ಕೊಟ್ಟುಬಿಟ್ಟಳು. ಊಟದ ಹೊತ್ತಿನಲ್ಲಿ ಹೆಂಗಸರು ಅವಳಿಗೆ ಜಾಗ ಬಿಡುತ್ತಿದ್ದರು, ಪಲ್ಯ ಬಡಿಸುತ್ತಿದ್ದರು. ಅವಳು ಕೂತ ಕಡೆ ಮಾತ್ರ ನಗು ಸ್ವಲ್ಪ ತಗ್ಗುತ್ತಿತ್ತು. ಸಂಘದ ಚಂದಾ ಕೊಡುವುದನ್ನು ಅವಳು ಒಂದು ತಿಂಗಳೂ ತಪ್ಪಿಸಲಿಲ್ಲ. ಸಭೆಗಳಿಗೂ ಹೋಗುತ್ತಿದ್ದಳು, ಹಿಂದೆ ಕೂರುತ್ತಿದ್ದಳು.

ಶಹರ್ಬಾನುವಿನ ಕೇಸು ಕಾರ್ಮಿಕ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯಿತು. ಬಾಲರಾಜ್ ಮಾತಿಗೆ ತಪ್ಪದೆ ವಕೀಲರನ್ನು ಕೊಡಿಸಿದ್ದ. ಮುನಿವೆಂಕಟಮ್ಮ ರಜೆ ಹಾಕಿ ಹೋಗಿ ಸಾಕ್ಷಿ ಹೇಳಿದಳು. ಈ ಸಲ ಅವಳನ್ನು ಹೊರಗೆ ಕಳಿಸುವವರು ಯಾರೂ ಇರಲಿಲ್ಲ. ಪಟ್ಟಿ ಯಾವಾಗ ಬಿಚ್ಚಿದರು, ಎಲ್ಲಿಟ್ಟರು, ಅದರ ಮೇಲೆ ಏನು ಒಣಗಹಾಕುತ್ತಿದ್ದರು ಎಂಬುದನ್ನೆಲ್ಲ ಹೇಳಿದಳು. ಕಂಪನಿಯ ವಕೀಲ, "ನಿಮ್ಮ ಸಂಘವೇ ಕೈಬಿಟ್ಟ ವಿಷಯ ಇದು, ಅಲ್ವಾ?" ಎಂದು ಕೇಳಿದಾಗ ಮಾತ್ರ ಅವಳು ಹೌದೆಂದು ತಲೆಯಾಡಿಸಿದಳು. ಬಾಯಲ್ಲಿ ಹೇಳಿ ಎಂದರು. ಹೇಳಿದಳು.

೨೦೧೮ರಲ್ಲಿ ತೀರ್ಪು ಬಂತು. ವಿಚಾರಣೆಯಲ್ಲಿ ಶಹರ್ಬಾನು ಪರವಾಗಿ ನಿಜವಾಗಿ ಯಾರೂ ನಿಂತಿರಲಿಲ್ಲ, ಆದ್ದರಿಂದ ಅದು ನ್ಯಾಯವಾದ ವಿಚಾರಣೆಯಲ್ಲ, ಅವಳನ್ನು ವಾಪಸು ತೆಗೆದುಕೊಳ್ಳಬೇಕು ಎಂದು. ಕಂಪನಿ ಹೈಕೋರ್ಟಿಗೆ ಹೋಗಿ ತಡೆ ತಂದಿತು. ಮತ್ತೆ ಕಾಯುವುದು ಶುರುವಾಯಿತು.

ಮರುವರ್ಷ ಮುನಿವೆಂಕಟಮ್ಮ ನಿವೃತ್ತಳಾದಳು. ಶಾಲು ಹೊದಿಸಿದರು. ಕಲಾವತಿ ಮಾತಾಡುತ್ತ, ಈ ಸಂಘ ಕಟ್ಟಿದ್ದೇ ಇವರು ಎಂದಳು, ಕೆರೆ ಏರಿಯ ಭಾನುವಾರಗಳನ್ನು ನೆನೆದಳು. ಯಾಕಾಗಿ ಕಟ್ಟಿದ್ದು ಎಂಬಲ್ಲಿಗೆ ಬಂದಾಗ ಮಾತು ತಡವರಿಸಿ ಬೇರೆ ಕಡೆ ಹೊರಳಿತು. ಮುನಿವೆಂಕಟಮ್ಮನಿಗೆ ಮೈಕು ಕೊಟ್ಟಾಗ ಅವಳು, "ಶಹರ್ಬಾನು ಅಂತ ಒಬ್ಳಿದ್ಲು ಇಲ್ಲಿ. ನನ್ ಜೊತೇಲಿ ರೋಲರ್‌ಗೆ ಬಟ್ಟೆ ಕೊಡ್ತಿದ್ಲು," ಎಂದಳು. ಅಷ್ಟು ಹೇಳಿ ಮೈಕನ್ನು ವಾಪಸು ಕೊಟ್ಟಳು. ಹಳೆಯ ಹೆಂಗಸರು ತಲೆ ತಗ್ಗಿಸಿದರು. ಮುಂದೆ ಕೂತಿದ್ದ ಹೊಸ ಹುಡುಗಿಯೊಬ್ಬಳು ಪಕ್ಕದವಳ ಕಿವಿಯಲ್ಲಿ, "ಯಾರೇ ಅದು?" ಎಂದು ಕೇಳಿದ್ದು ಅವಳಿಗೆ ಕೇಳಿಸಿತು.

ಮುಂದಿನ ವಾರ ಅವಳು ಕಾವಲ್‌ಬೈರಸಂದ್ರಕ್ಕೆ ಹೋದಳು. ಹೋಗುವುದನ್ನು ಅವಳು ಬಿಟ್ಟೇ ಇರಲಿಲ್ಲ. ಆದರೆ ಈಚೆಗೆ ಇಬ್ಬರೂ ಕೇಸಿನ ತಾರೀಖು, ಆರೋಗ್ಯ ಇಷ್ಟನ್ನು ಬಿಟ್ಟು ಹೆಚ್ಚು ಮಾತಾಡುತ್ತಿರಲಿಲ್ಲ. ನಜ್ಮುನ್ನೀಸಾ ಈಗ ದೊಡ್ಡವಳಾಗಿ ಯಶವಂತಪುರದ ಒಂದು ಗಾರ್ಮೆಂಟ್ಸಿಗೆ ಸೇರಿದ್ದಳು. ಚಹಾ ತಂದಿಟ್ಟು ಅವಳೇ ಮಾತು ತೆಗೆದಳು.

"ದೊಡ್ಡಮ್ಮ, ನಮ್ ಗೇಟ್ ಹತ್ರ ಯೂನಿಯನ್‌ನವ್ರು ಬರ್ತಿದಾರೆ. ಸೇರ್ಕೊಳ್ಳಿ ಅಂತಾರೆ. ಸೇರ್ಲಾ?"

ಶಹರ್ಬಾನು ತಲೆಯೆತ್ತಲಿಲ್ಲ. ಚಹಾದ ಲೋಟವನ್ನು ಎಡಗೈಯಲ್ಲಿ ಸುಮ್ಮನೆ ತಿರುಗಿಸುತ್ತಿದ್ದಳು.

ಮುನಿವೆಂಕಟಮ್ಮ ತನ್ನ ಲೋಟವನ್ನು ಕೆಳಗಿಟ್ಟಳು. "ಸೇರು ಮಗ," ಎಂದಳು. "ಒಬ್ಳೇ ಇದ್ರೆ ಆಗಾಕಿಲ್ಲ. ಆದ್ರೆ ಸೇರಕ್ ಮುಂಚೆ ಒಂದ್ ಮಾತು ಕೇಳು. ನಾನೊಬ್ಳೇ ಬಿದ್ರೆ ಏನ್ ಮಾಡ್ತೀರಿ ಅಂತ ಕೇಳು."

"ಏನಂತಾರೆ?" ಎಂದಳು ಶಹರ್ಬಾನು. ಅವಳು ಕೇಳಿದ್ದು ಮಗಳನ್ನಲ್ಲ.

"ಜೊತೇಲಿರ್ತೀವಿ ಅಂತಾರೆ."

"ನೀವೂ ಹಂಗೇ ಅಂದಿದ್ರಿ ಅಕ್ಕಾ."

"ಊಂ ಕಣೆ," ಎಂದಳು ಮುನಿವೆಂಕಟಮ್ಮ. "ಅಂದಿದ್ದೆ."

ನಜ್ಮುನ್ನೀಸಾ ಇಬ್ಬರನ್ನೂ ನೋಡಿದಳು. ಅವಳು ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಶಹರ್ಬಾನು ಬಾಗಿಲಾಚೆ ನೋಡಿ, "ಹೆಬ್ಬಾಳದ ಹತ್ರ ಟ್ರಾಫಿಕ್ ಆಗ್ಬಿಡುತ್ತೆ, ಕತ್ತಲಾಗೋ ಮುಂಚೆ ಹೊರಡಿ," ಎಂದಳು. ತಾನೂ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಸ್ ಸ್ಟಾಪಿನವರೆಗೂ ಜೊತೆಗೆ ಬಂದಳು. ಬಸ್ಸು ಬರುವವರೆಗೆ ಇಬ್ಬರೂ ಅಕ್ಕಪಕ್ಕ ನಿಂತಿದ್ದರು.